ನೀರು ಕೊಟ್ಟು ಗಾಳಿ ಕೊಳ್ಳುವ ಎಲೆ

ಬೆಂಜಮಿನ್ ಹೇಯ್ನ್ ಜರ್ಮನ್ ಮೂಲದ ವೈದ್ಯ, ಈಸ್ಟ್ ಇಂಡಿಯಾ ಕಂಪನಿಯ ನೌಕರ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಕಾಲಿನ್ ಮೆಕೆಂಜಿ ಹೊರಟಾಗ ಆತನ ತಂಡದಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿ ಇದ್ದವನು. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಆತನ ಹೆಗಲಿಗೆ ಬಿದ್ದಿತ್ತು. ಭಾರತದ ತೋಟಗಳಲ್ಲಿ ಸೊಂಪಾಗಿ ಬೆಳೆಯುತ್ತಿದ್ದ ಕಾಡುಬಸಳೆಯ ಎಲೆಯನ್ನು ಆತ ಬೆಳಿಗ್ಗೆ ಬಾಯಿಗೆ ಹಾಕಿಕೊಂಡರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಹೊತ್ತೇರಿದಂತೆ ಹುಳಿ ಇಳಿಯುತ್ತ ಬಂದು ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಯ ಹೊತ್ತಿಗೆ ತುಸು ಕಹಿ. ಮರುದಿನ ಬೆಳಿಗ್ಗೆ ಮತ್ತೆ ಹುಳಿ. ಈ ವಿಚಿತ್ರವನ್ನು ಆತ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಲ್ಯಾಂಬರ್ಟ್‌ಗೆ ಪತ್ರದಲ್ಲಿ ಬರೆದ. ಲಂಡನ್ನಿನ ಲಿನ್ನಿಯನ್ ಸೊಸೈಟಿ ಅದನ್ನು 1815ರಲ್ಲಿ ತನ್ನ ಸಂಪುಟದಲ್ಲಿ ಅಚ್ಚು ಹಾಕಿತು.

ಕಾಡುಬಸಳೆ ನಮಗೆ ಹೊಸದೇನಲ್ಲ. ಮೂಲ ಮಡಗಾಸ್ಕರ್ ಆದರೂ ಇಲ್ಲಿಯದೇ ಎಂಬಷ್ಟು ಒಗ್ಗಿಹೋಗಿದೆ. ಎಲೆಯೊಂದನ್ನು ಕಿತ್ತು ಮಣ್ಣಿನ ಮೇಲೆ ಬಿಸಾಡಿದರೆ ಅದರ ಅಂಚಿನ ಕಚ್ಚುಗಳಿಂದಲೇ ಮರಿಗಿಡಗಳು ಏಳುತ್ತವೆ. ಕಿಡ್ನಿಯ ಕಲ್ಲಿಗೆ ಮದ್ದು ಎಂದು ಎಷ್ಟೋ ಮನೆಗಳ ಹಿತ್ತಿಲಲ್ಲಿ ಇದನ್ನು ನೆಟ್ಟುಕೊಂಡಿದ್ದಾರೆ. ಇಂಥ ಸಾಮಾನ್ಯ ಗಿಡ ರಾತ್ರಿಯೆಲ್ಲ ಹುಳಿ ಕೂಡಿಟ್ಟು ಹಗಲಲ್ಲಿ ಕರಗಿಸುವುದೇಕೆ ಎಂಬುದಕ್ಕೆ ಪೂರ್ತಿ ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ಉತ್ತರ ಇದ್ದದ್ದು ಎಲೆಯ ಮೈಮೇಲಿನ, ಬರಿಗಣ್ಣಿಗೆ ಕಾಣದ ತೂತುಗಳಲ್ಲಿ. ಆದರೆ ಕಾಡುಬಸಳೆ ವಾಡಿಕೆ ಮೀರಿದ ಗಿಡ. ವಾಡಿಕೆ ಏನೆಂದು ಮೊದಲು ತಿಳಿಯಬೇಕು.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ರಿಯೋ ಗಿಡದ ನೆನಪಿರುತ್ತದೆ. ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣದ ಉದ್ದನೆಯ ಎಲೆ. ಪ್ರಯೋಗಾಲಯಕ್ಕೆ ಬೇಕೆಂದೇ ಕಾಲೇಜುಗಳ ಕುಂಡಗಳಲ್ಲಿ ಬೆಳೆಸಿರುತ್ತಾರೆ. ಎಲೆಯನ್ನು ಓರೆಯಾಗಿ ಹರಿದರೆ ಕೆಳಬದಿಯ ನೇರಳೆ ಪೊರೆ ತೆಳ್ಳಗೆ ಬಿಟ್ಟುಕೊಂಡು ಬರುತ್ತದೆ. ಗಾಜಿನ ಪಟ್ಟಿಯ ಮೇಲೆ ಹನಿ ನೀರಿಟ್ಟು ಅದರಲ್ಲಿ ಪೊರೆಯನ್ನು ಹಾಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ಕೂತ ಆರು ಮೂಲೆಯ ನೇರಳೆ ಕೋಶಗಳು, ಅವುಗಳ ನಡುವೆ ಅಲ್ಲಲ್ಲಿ ಹಸಿರು ಜೋಡಿಗಳು. ಪ್ರತಿ ಜೋಡಿಯಲ್ಲೂ ಎದುರುಬದುರಾಗಿ ಬಾಗಿ ಕೂತ ಎರಡು ಕಾವಲು ಕೋಶಗಳು. ಅವೆರಡರ ನಡುವಿನ ಸೀಳೇ ಪತ್ರರಂಧ್ರ. ಪೊರೆಯ ಅಂಚಿಗೆ ಒಂದು ಹನಿ ಗಟ್ಟಿ ಉಪ್ಪುನೀರು ಬಿಟ್ಟು ಕಣ್ಣು ತೆಗೆಯದೆ ನೋಡಬೇಕು. ಕೋಶಗಳೊಳಗಿನ ನೇರಳೆ ರಸ ಗೋಡೆಯಿಂದ ಬಿಟ್ಟುಕೊಂಡು ಮುದುಡುತ್ತದೆ, ಕಾವಲು ಕೋಶಗಳು ಸೊರಗುತ್ತವೆ, ಸೀಳು ಕಿರಿದಾಗುತ್ತ ಹೋಗಿ ಗೆರೆಯಾಗಿ ಉಳಿಯುತ್ತದೆ. ಕಾವಲು ಕೋಶಗಳಿಗೆ ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ನೀರು ಹೋಗಿ ಸೊರಗಿದರೆ ಮುಚ್ಚುತ್ತದೆ. ಜರ್ಮನಿಯ ಹ್ಯೂಗೋ ಫಾನ್ ಮೋಲ್ ಇದನ್ನು 1856ರಲ್ಲೇ ತೋರಿಸಿದ್ದ.

ಎಲೆಯ ಒಂದು ಚದರ ಮಿಲಿಮೀಟರಿನಲ್ಲಿ ಇಂಥ ರಂಧ್ರಗಳು ಹತ್ತಾರರಿಂದ ಕೆಲವು ನೂರರವರೆಗೆ ಇರುತ್ತವೆ. ಮಾವಿನಲ್ಲಿ ಎಲೆಯ ಕೆಳಬದಿಗೆ, ಸೂರ್ಯಕಾಂತಿಯಲ್ಲಿ ಎರಡೂ ಬದಿಗೆ, ನೀರಿನ ಮೇಲೆ ತೇಲುವ ನೈದಿಲೆಯಲ್ಲಿ ಮೇಲ್ಬದಿಗೆ ಮಾತ್ರ. ಕಣಗಿಲೆ ತನ್ನ ರಂಧ್ರಗಳನ್ನು ಎಲೆಯಡಿಯ ಕೂದಲು ತುಂಬಿದ ಗುಳಿಗಳಲ್ಲಿ ಬಚ್ಚಿಟ್ಟಿದೆ. ಎಲ್ಲ ರಂಧ್ರಗಳನ್ನೂ ಪೂರ್ತಿ ತೆರೆದಾಗಲೂ ಬಹಳಷ್ಟು ಗಿಡಗಳಲ್ಲಿ ಅವು ಎಲೆಯ ವಿಸ್ತಾರದ ನೂರಕ್ಕೆ ಒಂದೆರಡು ಪಾಲಷ್ಟೇ. ಉಳಿದ ಜಾಗಕ್ಕೆಲ್ಲ ಮೇಣ ಬಳಿದಿರುತ್ತದೆ. ಅಲ್ಲಿ ಗಾಳಿಯೂ ಆಡದು, ನೀರೂ ಜಿನುಗದು. ಅಷ್ಟು ಚಿಕ್ಕ ಪಾಲಿನಿಂದ ಇಡೀ ಎಲೆ ಉಸಿರಾಡುವುದು, ಉಣ್ಣುವುದು ಹೇಗೆ? 1900ರಲ್ಲಿ ಬ್ರೌನ್ ಮತ್ತು ಎಸ್ಕೂಂಬ್ ಎಂಬ ಇಂಗ್ಲೆಂಡಿನ ಇಬ್ಬರು ಈ ಲೆಕ್ಕ ಬಿಡಿಸಿದರು. ತೀರಾ ಸಣ್ಣ ತೂತಿನ ಮೂಲಕ ಅನಿಲ ಹಾಯುವ ವೇಗ ತೂತಿನ ವಿಸ್ತಾರಕ್ಕಲ್ಲ, ಅದರ ವ್ಯಾಸಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಒಂದು ದೊಡ್ಡ ಕಿಂಡಿಗಿಂತ ಅಷ್ಟೇ ವಿಸ್ತಾರದ ನೂರಾರು ಚುಕ್ಕಿತೂತುಗಳು ಎಷ್ಟೋ ಪಟ್ಟು ಹೆಚ್ಚು ಅನಿಲವನ್ನು ಸಾಗಿಸುತ್ತವೆ.

ಎಲೆಯ ಕಷ್ಟವೆಲ್ಲ ಇರುವುದು ಒಳಬರಲೂ ಹೊರಹೋಗಲೂ ದಾರಿ ಈ ರಂಧ್ರ ಒಂದೇ ಆಗಿರುವುದರಲ್ಲಿ. ಇಂಗಾಲದ ಡೈಆಕ್ಸೈಡ್ ಒಳಬರಬೇಕಾದರೆ ಇದನ್ನೇ ತೆರೆಯಬೇಕು; ತೆರೆದ ಕ್ಷಣದಿಂದ ಒಳಗಿನ ನೀರಾವಿ ಹೊರಗೋಡುತ್ತದೆ. ವ್ಯಾಪಾರ ಸಮನಾದದ್ದೂ ಅಲ್ಲ. ಎಲೆಯೊಳಗಿನ ಗಾಳಿ ಸದಾ ತೇವದಿಂದ ತುಂಬಿರುತ್ತದೆ, ಹೊರಗಿನ ಗಾಳಿ ಒಣಗಿರುತ್ತದೆ. ನೀರಿನ ಅಣು ಹಗುರ, ಚುರುಕು. ಇತ್ತ ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ನಾಲ್ಕು ಚಿಲ್ಲರೆ ಮಾತ್ರ. ಹೀಗಾಗಿ ಭತ್ತ, ತೊಗರಿ, ಮಾವಿನಂಥ ಗಿಡಗಳು ಒಂದು ಅಣು ಇಂಗಾಲದ ಡೈಆಕ್ಸೈಡನ್ನು ದಕ್ಕಿಸಿಕೊಳ್ಳುವಷ್ಟರಲ್ಲಿ ಸುಮಾರು 400–500 ಅಣು ನೀರನ್ನು ಕಳೆದುಕೊಳ್ಳುತ್ತವೆ. ಬೇರು ಹೀರಿದ ನೀರಿನಲ್ಲಿ ಗಿಡದ ಮೈಗೆ ಸೇರುವುದು ಅತ್ಯಲ್ಪ. ನೂರಕ್ಕೆ 97ಕ್ಕೂ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ಪಂಪ್‌ಸೆಟ್ಟಿನ ಕರೆಂಟಿಗೆ ರಾತ್ರಿಯೆಲ್ಲ ಕಾದು ರೈತ ಹಾಯಿಸಿದ ನೀರು ಸೇರುವುದು ಬಹುಪಾಲು ಆಕಾಶಕ್ಕೆ. ಇದನ್ನು ಪೋಲು ಎನ್ನಲು ನನಗೆ ಮನಸ್ಸಿಲ್ಲ. ಅದು ಅನ್ನದ ಬೆಲೆ. ಆವಿಯಾಗುವ ಆ ನೀರೇ ಬೇರಿನಿಂದ ತುದಿಯವರೆಗೆ ನೀರಿನ ಎಳೆಯನ್ನು ಎಳೆಯುತ್ತದೆ, ಮಣ್ಣಿನ ಲವಣಗಳನ್ನು ಮೇಲೇರಿಸುತ್ತದೆ. ಪ್ರತಿ ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಹೊತ್ತೊಯ್ದು ಎಲೆಯನ್ನು ತಣ್ಣಗಿಡುತ್ತದೆ.

ಎಲೆ ನೀರು ಬಿಡುವುದನ್ನು ತೂಕ ಹಾಕಿ ತೋರಿಸಿದವನು ಇಂಗ್ಲೆಂಡಿನ ಟೆಡಿಂಗ್‌ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್. 1724ರ ಬೇಸಗೆಯಲ್ಲಿ ಆತ ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯೊಂದನ್ನು ತೆಗೆದುಕೊಂಡ. ಮಣ್ಣಿನಿಂದ ನೀರು ಆರಬಾರದೆಂದು ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ ಸಂದುಗಳನ್ನು ಮೆತ್ತಿದ. ಆಮೇಲೆ ಬೆಳಿಗ್ಗೆ, ಸಂಜೆ ಕುಂಡವನ್ನು ತಕ್ಕಡಿಗೆ ಹಾಕುತ್ತ ಹೋದ. ಹಗಲಿನ ಹನ್ನೆರಡು ತಾಸಿನಲ್ಲಿ ಗಿಡ ಸರಾಸರಿ 20 ಔನ್ಸ್, ಅಂದರೆ ಅರ್ಧ ಕಿಲೋಗೂ ಮಿಕ್ಕಿ ನೀರು ಬಿಡುತ್ತಿತ್ತು. ಬೆಚ್ಚಗಿನ ಒಣ ರಾತ್ರಿಗಳಲ್ಲಿ ಕೇವಲ ಮೂರು ಔನ್ಸ್. ಇಬ್ಬನಿ ಬಿದ್ದ ರಾತ್ರಿ ಏನೂ ಇಲ್ಲ. ಹಗಲು ರಾತ್ರಿಗಳ ಈ ಅಂತರ ಆತನ 1727ರ ಪುಸ್ತಕದಲ್ಲಿದೆ. ಗಿಡಗಳ ವಿಷಯದಲ್ಲಿ ಅಂದಾಜು ಬಿಟ್ಟು ತಕ್ಕಡಿಯನ್ನು ನಂಬಿದ ಈ ಪಾದ್ರಿಯ ಬಗ್ಗೆ ನಮ್ಮ ಪಠ್ಯಗಳು ಇನ್ನಷ್ಟು ಹೇಳಬೇಕಿತ್ತು.

ರಾತ್ರಿ ರಂಧ್ರ ಮುಚ್ಚುವುದೇಕೆ ಎಂಬುದಕ್ಕೆ ಇಷ್ಟರಲ್ಲೇ ಉತ್ತರವಿದೆ. ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ಇಲ್ಲ. ಇಂಗಾಲದ ಡೈಆಕ್ಸೈಡ್ ಒಳಬಂದರೂ ಸಾಮಾನ್ಯ ಗಿಡಕ್ಕೆ ಅದರಿಂದ ಉಪಯೋಗವಿಲ್ಲ. ಆಗ ಹೋಗುವ ಒಂದೊಂದು ಹನಿಯೂ ಬರಿಯ ನಷ್ಟ. ಜೊತೆಗೆ ಇಬ್ಬನಿಯಲ್ಲಿ ತೊಯ್ದ ಎಲೆಯ ಮೇಲೆ ಕೂತ ಬ್ಯಾಕ್ಟೀರಿಯಾಗಳು ಒಳನುಗ್ಗುವುದೂ ಈ ರಂಧ್ರಗಳಿಂದಲೇ. ಬ್ಯಾಕ್ಟೀರಿಯಾದ ಸುಳಿವು ಹತ್ತಿದರೆ ಹಗಲಿನಲ್ಲೂ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಅವನ್ನು ಮತ್ತೆ ತೆರೆಸಲೆಂದೇ ವಿಷವೊಂದನ್ನು ತಯಾರಿಸುತ್ತವೆ ಎಂಬುದು 2006ರಲ್ಲಿ ಪತ್ತೆಯಾಯಿತು.

ಬೆಳಗಾಯಿತೆಂದು ರಂಧ್ರಕ್ಕೆ ತಿಳಿಯುವುದು ಹೇಗೆ? ಬೆಳಕಿನ ನೀಲಿ ಭಾಗದಿಂದ. ಕಾವಲು ಕೋಶದಲ್ಲಿ ಫೋಟೊಟ್ರೋಪಿನ್ ಎಂಬ ಪ್ರೋಟೀನಿದೆ. ನಸುಕಿನ ನೀಲಿ ಬೆಳಕು ಅದರ ಮೇಲೆ ಬಿದ್ದ ಕೂಡಲೇ ಕೋಶದ ಪೊರೆಯಲ್ಲಿರುವ ಪಂಪುಗಳು ಚಾಲೂ ಆಗಿ ಹೈಡ್ರೋಜನ್ ಅಯಾನುಗಳನ್ನು ಹೊರದಬ್ಬುತ್ತವೆ. ಒಳಗೆ ಋಣ ವಿದ್ಯುತ್ತು ಹೆಚ್ಚಾಗಿ, ಅದರ ಸೆಳೆತಕ್ಕೆ ಹೊರಗಿನ ಪೊಟ್ಯಾಸಿಯಂ ಅಯಾನುಗಳು ಒಳನುಗ್ಗುತ್ತವೆ. ಒಳಗಿನ ದ್ರಾವಣ ಗಟ್ಟಿಯಾದಂತೆ ಸುತ್ತಲಿನ ನೀರೂ ಹಿಂದೆಯೇ ಬರುತ್ತದೆ. ಆಗ ಕಾವಲು ಕೋಶದೊಳಗಿನ ಒತ್ತಡ ಕಾರಿನ ಟಯರಿನ ಗಾಳಿಯೊತ್ತಡದ ಹತ್ತು ಪಟ್ಟನ್ನೂ ಮೀರಬಲ್ಲದು. ಇಷ್ಟಾದರೂ ಕೋಶ ದಪ್ಪಗಾಗುವುದಿಲ್ಲ. ಅದರ ಗೋಡೆಗೆ ಅಡ್ಡಡ್ಡ ಸುತ್ತಿಕೊಂಡ ಸೆಲ್ಯುಲೋಸ್ ನಾರುಗಳು ಅಗಲಕ್ಕೆ ಹಿಗ್ಗಲು ಬಿಡುವುದಿಲ್ಲ, ಸೀಳಿನ ಕಡೆಯ ಗೋಡೆ ದಪ್ಪ. ಉದ್ದಕ್ಕಷ್ಟೇ ಹಿಗ್ಗಬಲ್ಲ ಎರಡು ಕೋಶಗಳು ತುದಿಗಳಲ್ಲಿ ಅಂಟಿಕೊಂಡಿರುವುದರಿಂದ ಹೊರಬಾಗುತ್ತವೆ, ನಡುವಿನ ಸೀಳು ಅಗಲವಾಗುತ್ತದೆ.

ಈ ಕಥೆಯಲ್ಲಿ ಜಪಾನಿಯರ ಪಾಲು ದೊಡ್ಡದು. ಕಾವಲು ಕೋಶದೊಳಗಿನ ಹಿಟ್ಟು ಸಕ್ಕರೆಯಾಗುವುದರಿಂದಲೇ ರಂಧ್ರ ತೆರೆಯುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ, 1943ರಲ್ಲಿ, ಇಮಾಮುರಾ ಪೊಟ್ಯಾಸಿಯಂನತ್ತ ಬೊಟ್ಟು ಮಾಡಿದ್ದರು. ಹೊರಗಿನ ಜಗತ್ತು ಅದನ್ನು ಒಪ್ಪಿದ್ದು 1960ರ ದಶಕದ ಕೊನೆಯಲ್ಲಿ. ನೀಲಿ ಬೆಳಕನ್ನು ಹಿಡಿಯುವ ಪ್ರೋಟೀನು ಯಾವುದೆಂದು 2001ರಲ್ಲಿ ತೋರಿಸಿದವರು ಕಿನೋಶಿತಾ, ಶಿಮಾಜಾಕಿ ಮತ್ತು ಸಂಗಡಿಗರು. ಪೊಟ್ಯಾಷ್ ಗೊಬ್ಬರ ಕಡಿಮೆಯಾದ ಬೆಳೆ ಬರದಲ್ಲಿ ಬೇಗ ಬಾಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು: ರಂಧ್ರ ತೆರೆದು ಮುಚ್ಚುವ ಹಿಡಿತವೇ ಸಡಿಲವಾಗಿರುತ್ತದೆ.

ಬೆಳಕಿನ ಜೊತೆಗೆ ಗಿಡದೊಳಗಿನ ಗಡಿಯಾರವೂ ಕೆಲಸ ಮಾಡುತ್ತದೆ. ಹಗಲು ರಾತ್ರಿ ಒಂದೇ ಸಮನೆ ಬೆಳಕಿರುವ ಕೋಣೆಯಲ್ಲಿಟ್ಟರೂ ಕೆಲವು ದಿನ ರಂಧ್ರಗಳು ತಮ್ಮ ಹೊತ್ತಿಗೆ ಸರಿಯಾಗಿ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ.

ಬೆಳಿಗ್ಗೆ ತೆರೆದದ್ದು ಸಂಜೆಯವರೆಗೆ ತೆರೆದೇ ಇರುತ್ತದೆ ಎಂದೇನಿಲ್ಲ. ಏಪ್ರಿಲ್‌ನ ಮಂಗಳೂರಿನಲ್ಲಿ ಸೆಕೆ ಎಷ್ಟಿದ್ದರೂ ಗಾಳಿಯಲ್ಲಿ ತೇವವಿದೆ. ಅದೇ ತಿಂಗಳ ರಾಯಚೂರಿನ ಒಣಗಾಳಿ ಎಲೆಯಿಂದ ನೀರನ್ನು ಹಿಂಡಿ ಎಳೆಯುತ್ತದೆ. ಬೇರು ಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವುದೇ ಹೆಚ್ಚಾದಾಗ ಅನೇಕ ಗಿಡಗಳು ನಡುಹಗಲಲ್ಲೇ ರಂಧ್ರ ಕಿರಿದು ಮಾಡಿ, ಬಿಸಿಲು ಇಳಿದ ಮೇಲೆ ಮತ್ತೆ ತುಸು ತೆರೆಯುತ್ತವೆ. ಬಿಸಿಲು ಧಾರಾಳವಾಗಿರುವ ಹೊತ್ತಿನಲ್ಲೇ ಉಪವಾಸ. ಬರ ಹೆಚ್ಚಾದರೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಎಲೆಯಲ್ಲಿ ಏರುತ್ತದೆ. ಕಾವಲು ಕೋಶಗಳು ಕೆಲವೇ ನಿಮಿಷಗಳಲ್ಲಿ ಪೊಟ್ಯಾಸಿಯಂ ಹೊರಬಿಟ್ಟು ಸೊರಗುತ್ತವೆ. ಇದರ ಮಹತ್ವ ಗೊತ್ತಾದದ್ದು ಟೊಮೆಟೊ ಗಿಡವೊಂದರಿಂದ. ಫ್ಲಾಕಾ ಎಂಬ ಆ ತಳಿ ಬುಡಕ್ಕೆ ನೀರಿದ್ದರೂ ಜೋತುಬೀಳುತ್ತಿತ್ತು, ಏಕೆಂದರೆ ಅದರ ರಂಧ್ರಗಳು ರಾತ್ರಿಯೂ ಮುಚ್ಚುತ್ತಿರಲಿಲ್ಲ. 1970ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಅದಕ್ಕೆ ಅಬ್ಸಿಸಿಕ್ ಆಮ್ಲ ಸಿಂಪಡಿಸಿದಾಗ ರಂಧ್ರಗಳು ಮುಚ್ಚಿದವು, ಗಿಡ ತಲೆಯೆತ್ತಿತು.

ತರಕಾರಿ ಸಸಿಗಳನ್ನು ಸಂಜೆ ನಾಟಿ ಮಾಡುವ ರೂಢಿ ಈ ವಿಜ್ಞಾನಕ್ಕಿಂತ ಹಳೆಯದು. ಕಿತ್ತ ಸಸಿಯ ಸಣ್ಣ ಬೇರುಗಳು ಹರಿದಿರುತ್ತವೆ. ರಂಧ್ರ ಮುಚ್ಚಿದ ಒಂದು ರಾತ್ರಿ ಸಿಕ್ಕರೆ ಅದು ಸುಧಾರಿಸಿಕೊಳ್ಳುತ್ತದೆ. ಸೊಪ್ಪನ್ನು ಬೆಳಗಿನ ಜಾವ ಕೊಯ್ಯುವುದೂ ಅದಕ್ಕೇ. ರಾತ್ರಿಯಿಡೀ ಎಲೆ ನೀರು ಬಿಡದಿದ್ದರೂ ಬೇರು ಹೀರುತ್ತಲೇ ಇರುವುದರಿಂದ ಆಗ ಗಿಡದ ಮೈ ತುಂಬಿರುತ್ತದೆ. ಹಿತ್ತಿಲಿನ ಕೆಸುವಿನ ಎಲೆಯನ್ನು ಸೂರ್ಯ ಹುಟ್ಟುವ ಮೊದಲು ನೋಡಿ: ತುದಿಯಲ್ಲೊಂದು ಹನಿ ಕೂಡಿಕೊಳ್ಳುತ್ತ ದಪ್ಪವಾಗಿ, ತೊಟ್ಟಿಕ್ಕಿ, ಮತ್ತೆ ಕೂಡಿಕೊಳ್ಳುತ್ತದೆ. ಅದು ಇಬ್ಬನಿಯಲ್ಲ. ಪತ್ರರಂಧ್ರಗಳು ಮುಚ್ಚಿರುವಾಗ ಬೇರಿನ ಒತ್ತಡಕ್ಕೆ ಉಕ್ಕಿದ ನೀರು ಎಲೆಯ ತುದಿಯ ಜಲರಂಧ್ರದಿಂದ, ಸದಾ ತೆರೆದೇ ಇರುವ ಬೇರೆಯೇ ಬಗೆಯ ತೂತಿನಿಂದ, ಹೊರಬರುತ್ತದೆ. ಬಿಸಿಲೇರಿ ಪತ್ರರಂಧ್ರಗಳು ತೆರೆದುಕೊಂಡರೆ ಹನಿ ನಿಲ್ಲುತ್ತದೆ.

ನೀರಿನ ಬೆಲೆ ತಗ್ಗಿಸಿಕೊಂಡ ಗಿಡಗಳೂ ಇವೆ. ರಾಗಿ, ಜೋಳ, ಕಬ್ಬು ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ಎಲೆಯ ನಾಳಗಳ ಸುತ್ತಲಿನ ಕೋಶಗಳಿಗೆ ಸಾಗಿಸಿ ಅಲ್ಲಿ ಒಟ್ಟೈಸುತ್ತವೆ. ಹಿಡಿಯುವ ಕಿಣ್ವ ಎಷ್ಟು ಚುರುಕೆಂದರೆ ರಂಧ್ರ ಅರೆಬರೆ ತೆರೆದರೂ ಸಾಕಾಗುತ್ತದೆ. ಭತ್ತ ಖರ್ಚು ಮಾಡುವುದರ ಅರ್ಧದಷ್ಟು ನೀರಿಗೇ ಅವು ಅಷ್ಟು ಇಂಗಾಲವನ್ನು ಗಳಿಸುತ್ತವೆ. ಹುಲ್ಲಿನ ಜಾತಿಯವುಗಳ ಕಾವಲು ಕೋಶಗಳ ಪಕ್ಕದಲ್ಲಿ ಪೊಟ್ಯಾಸಿಯಂ ಕೊಟ್ಟು ಪಡೆಯಲು ಸಹಾಯಕ ಕೋಶಗಳಿರುವುದರಿಂದ ತೆರೆಯುವ ಮುಚ್ಚುವ ಕೆಲಸವೂ ಬೇಗ. ಬಯಲುಸೀಮೆ ರಾಗಿಯನ್ನೂ ಜೋಳವನ್ನೂ ನೆಚ್ಚಿಕೊಂಡದ್ದರ ಹಿಂದೆ ಎಲೆಯೊಳಗಿನ ಈ ಏರ್ಪಾಡು ಇದೆ.

ಕಾಡುಬಸಳೆ ಇನ್ನೂ ಮುಂದೆ ಹೋಗಿ ವೇಳಾಪಟ್ಟಿಯನ್ನೇ ತಿರುವುಮುರುವು ಮಾಡಿದೆ. ಅದರ ರಂಧ್ರ ತೆರೆಯುವುದು ರಾತ್ರಿ, ಗಾಳಿ ತಣ್ಣಗಾಗಿ ತೇವಗೊಂಡ ಮೇಲೆ. ಒಳಬಂದ ಇಂಗಾಲದ ಡೈಆಕ್ಸೈಡನ್ನು ಬಳಸಲು ಆಗ ಬೆಳಕಿಲ್ಲ. ಆದ್ದರಿಂದ ಅದನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶಗಳ ರಸಕುಹರಗಳಲ್ಲಿ ತುಂಬಿಡುತ್ತದೆ. ಹೇಯ್ನ್‌ನ ನಾಲಿಗೆಗೆ ಸಿಕ್ಕ ಬೆಳಗಿನ ಹುಳಿ ಇದೇ. ಸೂರ್ಯ ಹುಟ್ಟಿದ ಮೇಲೆ ರಂಧ್ರ ಮುಚ್ಚುತ್ತದೆ. ಆಮ್ಲ ಒಡೆದು ಇಂಗಾಲದ ಡೈಆಕ್ಸೈಡ್ ಎಲೆಯೊಳಗೇ ಬಿಡುಗಡೆಯಾಗುತ್ತದೆ, ಬೆಳಕಿನ ನೆರವಿನಿಂದ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ. ಒಳಗೆ ತುಂಬಿಕೊಂಡ ಆ ಅನಿಲವೇ ರಂಧ್ರ ತೆರೆಯದಂತೆ ತಡೆಯುತ್ತದೆ. ಈ ಬಗೆಯ ಗಿಡಗಳು ಒಂದು ಅಣು ಇಂಗಾಲದ ಡೈಆಕ್ಸೈಡಿಗೆ ಕೊಡುವುದು 50ರ ಆಸುಪಾಸಿನಷ್ಟು ನೀರಿನ ಅಣುಗಳನ್ನು. ಬನವಾಸಿ ಕಡೆಯ ಅನಾನಸ್, ಹೊಲದ ಬೇಲಿಯ ಕತ್ತಾಳೆ, ಪಾಪಸುಕಳ್ಳಿ, ಈಚೆಗೆ ಒಣಭೂಮಿಯ ರೈತರು ಕಂಬ ನೆಟ್ಟು ಹಬ್ಬಿಸುತ್ತಿರುವ ಡ್ರ್ಯಾಗನ್ ಫ್ರೂಟ್, ಎಲ್ಲವೂ ಇದೇ ಪಂಗಡ. ನಷ್ಟವೂ ಇದೆ. ಒಂದು ರಾತ್ರಿಯಲ್ಲಿ ತುಂಬಿಡಬಹುದಾದ ಆಮ್ಲಕ್ಕೆ ಮಿತಿಯಿದೆ, ಹಾಗಾಗಿ ಇವುಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ.

ಬೆಳಿಗ್ಗೆ ಒಂದು, ಸಂಜೆ ಒಂದು ಕಾಡುಬಸಳೆ ಎಲೆ ಜಜ್ಜಿ ರಸವನ್ನು ಪಿಎಚ್ ಕಾಗದಕ್ಕೆ ಮುಟ್ಟಿಸಿ ಹೇಯ್ನ್ ಕಂಡದ್ದನ್ನು ಶಾಲಾ ಮಕ್ಕಳೂ ಕಾಣಬಹುದು. ಬಾಯಿಗೆ ಹಾಕಿ ನೋಡಲು ಮಾತ್ರ ಹೋಗಬೇಡಿ. ಹೃದಯದ ಮೇಲೆ ಪರಿಣಾಮ ಬೀರುವ ಅಂಶಗಳು ಅದರಲ್ಲಿವೆ; ಮೇದ ದನಕರುಗಳು ಸತ್ತದ್ದಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ರಾತ್ರಿ ಆಮ್ಲಜನಕ ಬಿಡುತ್ತದೆಂದು ಹೇಳಿ ನರ್ಸರಿಗಳಲ್ಲಿ ಸ್ನೇಕ್ ಪ್ಲಾಂಟ್ ಮಾರುತ್ತಾರೆ. ಅಶ್ವತ್ಥ ಮರದ ಬಗ್ಗೆಯೂ ಇದೇ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಸ್ನೇಕ್ ಪ್ಲಾಂಟ್ ಕಾಡುಬಸಳೆಯಂತೆ ರಾತ್ರಿ ರಂಧ್ರ ತೆರೆಯುವುದು, ಇಂಗಾಲದ ಡೈಆಕ್ಸೈಡ್ ಹೀರುವುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆದಾಗ ಮಾತ್ರ. ಕತ್ತಲಲ್ಲಿ ಯಾವ ಗಿಡದಿಂದಲೂ ಅದು ಹುಟ್ಟದು. ಅಶ್ವತ್ಥವನ್ನು ಗೌರವಿಸಲು ಇಲ್ಲದ ಗುಣವನ್ನು ಅದಕ್ಕೆ ಹೊರಿಸಬೇಕಿಲ್ಲ.

ನೀರು ಕೊಟ್ಟು ಗಾಳಿ ಕೊಳ್ಳುವ ದಿನದಿನದ ಈ ಲೆಕ್ಕವನ್ನು ನಾವೀಗ ಬದಲಿಸುತ್ತಿದ್ದೇವೆ. 1987ರಲ್ಲಿ ಇಯಾನ್ ವುಡ್‌ವರ್ಡ್ ಎಂಬ ವಿಜ್ಞಾನಿ ಕೇಂಬ್ರಿಜ್‌ನಲ್ಲಿ ಇನ್ನೂರು ವರ್ಷಗಳಿಂದ ಒಣಗಿಸಿ ಇಟ್ಟಿದ್ದ ಮರಗಳ ಎಲೆಗಳನ್ನು ತೆಗೆದು ರಂಧ್ರಗಳನ್ನು ಎಣಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲಿನಿಂದ 340ಕ್ಕೆ ಏರಿದ ಆ ಅವಧಿಯಲ್ಲಿ ರಂಧ್ರಗಳ ಸಾಂದ್ರತೆ ನೂರಕ್ಕೆ ಸುಮಾರು 40ರಷ್ಟು ಇಳಿದಿತ್ತು. ಈಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ 420 ದಾಟಿದೆ. ಅನಿಲ ಸುಲಭವಾಗಿ ಸಿಕ್ಕಾಗ ಎಲೆ ರಂಧ್ರಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ, ಇರುವುದನ್ನೂ ಕಿರಿದಾಗಿಸುತ್ತದೆ. ನೀರು ಉಳಿಯಿತೆಂದು ಸಂತೋಷಪಡುವ ಹಾಗಿಲ್ಲ. ಆವಿ ಕಡಿಮೆಯಾದಷ್ಟೂ ಎಲೆ ಬಿಸಿಯಾಗುತ್ತದೆ, ಅದೂ ಬಿಸಿಗಾಳಿಯ ದಿನಗಳು ಹೆಚ್ಚುತ್ತಿರುವ ಕಾಲದಲ್ಲಿ. ಭತ್ತದಂಥ ಬೆಳೆಗೆ ಹೂ ಬಿಡುವ ವೇಳೆಯ ಕಾವು ಕಾಳು ಕಟ್ಟುವುದನ್ನೇ ಕೆಡಿಸುತ್ತದೆ.

ನೀರಿನ ಬೆಲೆ ತಗ್ಗಿಸಲು ಹಗಲಿನ ಬೆಳೆಗೆ ಕಾಡುಬಸಳೆಯ ರಾತ್ರಿಪಾಳಿಯನ್ನು ಕಲಿಸಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅವರ ಕಣ್ಣು ಬಿದ್ದಿರುವ ಗಿಡಗಳಲ್ಲೊಂದು ನಮ್ಮ ಹೊಲದ ಬದುಗಳಲ್ಲಿ ತಾನೇ ಹಬ್ಬುವ, ನಾವು ಮಸ್ಸೊಪ್ಪಿಗೆ ಹಾಕುವ ಗೋಣಿಸೊಪ್ಪು. ನೀರಿದ್ದಾಗ ಅದು ರಾಗಿಯಂತೆ ಹಗಲಲ್ಲಿ ನಾಲ್ಕು ಇಂಗಾಲದ ಆಮ್ಲ ಮಾಡುತ್ತದೆ. ಮಣ್ಣು ಒಣಗಿತೆಂದರೆ ಕಾಡುಬಸಳೆಯಂತೆ ರಾತ್ರಿಯೂ ಆಮ್ಲ ಕೂಡಿಡಲು ತೊಡಗುತ್ತದೆ. ಈ ಎರಡು ವಿಧಾನಗಳು ಒಂದು ಗಿಡದಲ್ಲಿ ಬೇರೆಬೇರೆ ಕೋಶಗಳಲ್ಲಿ ಇರಬಹುದೆಂದು ಮೊದಲು ಊಹೆಯಿತ್ತು. 2022ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಗೋಣಿಸೊಪ್ಪಿನ ಎಲೆಯ ಯಾವ ಬಗೆಯ ಕೋಶದಲ್ಲಿ ಯಾವ ಜೀನು ಎಚ್ಚರವಾಗಿದೆಯೆಂದು ಪರೀಕ್ಷಿಸಿತು. ಎರಡೂ ಕೆಲಸ ಅವವೇ ಕೋಶಗಳಲ್ಲಿ ನಡೆಯುತ್ತಿದ್ದವು. ರಾತ್ರಿ ಕೂಡಿಟ್ಟ ಆಮ್ಲವನ್ನು ಹಗಲಿನ ಏರ್ಪಾಡೇ ಎತ್ತಿಕೊಂಡು ಸಕ್ಕರೆ ಮಾಡುತ್ತಿರುವ ಸಾಧ್ಯತೆ ಹೆಚ್ಚು. ರಾಗಿಯ ಎಲೆಯಲ್ಲಿ ಈ ಕೆಲಸದ ಹಗಲಿನ ಅರ್ಧ ಈಗಾಗಲೇ ಇದೆ.